ಅಕ್ಕನ ಎಂಟು ಹೆಜ್ಜೆ

ಹೋದ ವಾರ ಫೋಟೋ ಸ್ಟುಡಿಯೋದವನು ನನ್ನನ್ನು ಫ್ರೇಮಿನಿಂದ ಆಚೆ ಓಡಿಸಿದ.

ಸುಳ್ಳಲ್ಲ. ಅಕ್ಕನನ್ನು ನೋಡಲು ಹಗರಿಬೊಮ್ಮನಹಳ್ಳಿಗೆ ಹೋಗಿದ್ದೆ. ಅವಳ ಯಾವುದೋ ಅರ್ಜಿಗೆ ಹೊಸ ಫೋಟೋ ಬೇಕಿತ್ತು. ಬರೀ ಮುಖದ್ದಲ್ಲ, ಕಾಲು ಕಾಣುವ ಹಾಗೆ ಪೂರ್ತಿ ಫೋಟೋ. ಅಕ್ಕನನ್ನು ಸ್ಟೂಲಿನ ಮೇಲೆ ಕೂರಿಸಿದೆ. ಸೆರಗು ಸರಿಮಾಡಿದೆ. ಆತ ಕ್ಯಾಮೆರಾಕ್ಕೆ ಕಣ್ಣು ಇಟ್ಟ, ತೆಗೆದ. ಮತ್ತೆ ಇಟ್ಟ, ಮತ್ತೆ ತೆಗೆದ.

"ಮೇಡಂ, ನೀವು ಈ ಕಡಿಗೆ ಬರ್ರಿ. ಅವರ ಕಾಲಿಗೆ ಅಡ್ಡ ನಿಂತೀರಿ."

ಕೆಳಗೆ ನೋಡಿಕೊಂಡೆ. ಹೌದಲ್ಲ! ಅಕ್ಕನ ಎಡಗಡೆ, ಒಂಚೂರು ಮುಂದಕ್ಕೆ, ಅವಳ ಕಾಲು ಮುಚ್ಚುವ ಹಾಗೆ ಅಂಟಿಕೊಂಡು ನಿಂತಿದ್ದೇನೆ. ಅಲ್ಲಿ ನಿಲ್ಲು ಅಂತ ನನಗೆ ಯಾರು ಹೇಳಿದ್ದರು?

ಅಕ್ಕ ಕೂತಲ್ಲೇ ನಕ್ಕಳು. "ಬೈಬ್ಯಾಡಪಾ ಆಕಿನ್ನ. ಸಣ್ಣಾಕಿ ಇದ್ದಾಗಿಂದ ಆಕಿ ಡ್ಯೂಟಿ ಅದು."

ಡ್ಯೂಟಿ. ಸರಿಯಾದ ಮಾತೇ. ಆ ಡ್ಯೂಟಿಯನ್ನು ನಾನು ಎಷ್ಟು ಚೆನ್ನಾಗಿ ಮಾಡಿದ್ದೆ ಅಂದರೆ, ಒಮ್ಮೆ ಅಕ್ಕನ ಬದುಕೇ ಕೈತಪ್ಪಿ ಹೋಗುವುದರಲ್ಲಿತ್ತು. ಅದನ್ನು ಇವತ್ತು ಹೇಳಿಬಿಡ್ತೀನಿ. ನಲವತ್ತು ವರ್ಷ ಮೇಲಾಯಿತು, ಇನ್ನು ಯಾರಿಗೆ ಮುಚ್ಚಿಡೋದು?

ಅಕ್ಕನ ಹೆಸರು ಕೊಟ್ರಮ್ಮ. ನನಗಿಂತ ಏಳು ವರ್ಷ ದೊಡ್ಡವಳು. ಎರಡು ವರ್ಷದ ಕೂಸಿದ್ದಾಗ ಜ್ವರ ಬಂತು. ಬಂದ ಜ್ವರ ನಾಲ್ಕು ದಿನಕ್ಕೆ ಹೋಯಿತು, ಹೋಗುವಾಗ ಎಡಗಾಲಿನ ಬಲವನ್ನೂ ಒಯ್ದಿತು. ಪೋಲಿಯೋ ಅನ್ನುವ ಪದ ನಮ್ಮ ಮನೆಗೆ ಬಂದದ್ದು ಎಷ್ಟೋ ವರ್ಷದ ಮೇಲೆ. ಅಲ್ಲಿಯವರೆಗೆ ಅದು "ಕೊಟ್ರಿ ಕಾಲು" ಅಷ್ಟೆ.

ಮನೆಯೊಳಗೆ ಅಕ್ಕ ತನ್ನದೇ ರೀತಿಯಲ್ಲಿ ನಡೆಯುತ್ತಿದ್ದಳು. ಎಡಗೈಯನ್ನು ಎಡಮೊಣಕಾಲಿಗೆ ಒತ್ತಿ ಹಿಡಿದು, ಸೊಂಟ ಬಗ್ಗಿಸಿ, ಎದ್ದು, ಮತ್ತೆ ಬಗ್ಗಿಸಿ. ಸ್ಪೀಡು ಅಂದರೆ ಸ್ಪೀಡು! ಒಲೆಯ ಮೇಲಿನ ಬಿಸಿ ರೊಟ್ಟಿಗೆ ನಾವಿಬ್ಬರೂ ಓಡಿದರೆ ಗೆಲ್ಲುತ್ತಿದ್ದವಳು ಅವಳೇ. (ನಾನು ಅಳುತ್ತಿದ್ದೆ.)

ಆದರೆ ಹೊರಗಿನವರು ಒಬ್ಬರು ಹೊಸ್ತಿಲಿಗೆ ಬಂದರೆ ಸಾಕು, ಆ ನಡಿಗೆ ಬಂದ್.

ಅದು ನಮ್ಮವ್ವನ ಕಾನೂನು. ಅವ್ವ ಕೆಟ್ಟವಳಲ್ಲ, ಹೆದರಿದವಳು. ದೊಡ್ಡ ಮಗಳನ್ನು ಯಾರು ಮಾಡಿಕೊಳ್ಳುತ್ತಾರೆ, ಅವಳ ಕಾಲಿನ ಸುದ್ದಿ ಹಬ್ಬಿದರೆ ಸಣ್ಣವಳನ್ನಾದರೂ ಯಾರು ಮಾಡಿಕೊಳ್ಳುತ್ತಾರೆ, ಇದೊಂದೇ ಚಿಂತೆ. ಹಾಗಾಗಿ ಬೀಗರು ಬಿಜ್ಜರು ಬರುವ ಮೊದಲೇ ಅಕ್ಕ ಕುರ್ಚಿಯಲ್ಲಿ ಕೂತಿರಬೇಕು. ಲಂಗ ನೆಲ ಮುಟ್ಟಬೇಕು. ಮನೆಮಂದಿಯ ಫೋಟೋ ತೆಗೆಸಿದರೆ ಅಕ್ಕನ ಕಾಲ ಮುಂದೆ ಹೂಕುಂಡ ಇರಬೇಕು. ಸ್ಟುಡಿಯೋದಲ್ಲಿ ಹೂಕುಂಡ ಇರಲಿಲ್ಲವೋ, ನಾನಿದ್ದೆನಲ್ಲ!

ಇನ್ನು ನಡೆಯಲೇಬೇಕಾಗಿ ಬಂದರೆ? ಅದಕ್ಕೂ ನಾನೇ. ನಾನು ಎಡಗಡೆ, ಅಕ್ಕನ ಕೈ ನನ್ನ ಹೆಗಲ ಮೇಲೆ. ಭಾರವೆಲ್ಲ ನನ್ನ ಮೇಲೆ ಬಿಟ್ಟು, ಎಡಪಾದವನ್ನು ನೆಲಕ್ಕೆ ಸೋಕಿಸಿಯೂ ಸೋಕಿಸದ ಹಾಗೆ, ತಲೆ ತಗ್ಗಿಸಿ, ಮೆಲ್ಲಗೆ. ಅಡುಗೆಮನೆಯಿಂದ ಪಡಸಾಲೆಗೆ ಸರಿಯಾಗಿ ಎಂಟು ಹೆಜ್ಜೆ. ದಿನಾ ಸಂಜೆ ಪ್ರ್ಯಾಕ್ಟೀಸು. ಅವ್ವ ಅಕ್ಕಿ ಆರಿಸುತ್ತಾ ಎಣಿಸುತ್ತಿದ್ದಳು: "ಒಂದು, ಎರಡು... ಸೊಂಟ ಎತ್ತಬ್ಯಾಡ! ...ಮೂರು. ಸಣ್ಣೀ, ನೀ ಬಗ್ಗಬ್ಯಾಡ!"

ಒಂಬತ್ತನೇ ಹೆಜ್ಜೆ ನಮ್ಮಿಂದ ಆಗುತ್ತಿರಲಿಲ್ಲ. ಎಂಟಕ್ಕೆ ಅಕ್ಕನ ಸೊಂಟ ಸೋತು ಬಿಡುತ್ತಿತ್ತು. ನನ್ನ ಹೆಗಲೂ.

ಒಮ್ಮೆ ಪಕ್ಕದ ತಾಲೂಕಿನ ಅರಸೀಕೆರೆ ಕಡೆಯಿಂದ ಕನ್ಯೆ ನೋಡಲು ಬಂದರು. ಎಂಟು ಹೆಜ್ಜೆ ನಡೆದು, ಉಪ್ಪಿಟ್ಟಿನ ತಟ್ಟೆ ಕೊಟ್ಟು, ಕೂತೆವು. ವರನ ತಾಯಿ ಅಂದಳು: "ಎಷ್ಟು ನಾಚಿಗಿ ಹುಡುಗಿ! ಅಕ್ಕ ತಂಗೀದು ಎಷ್ಟು ಅಂತಃಕರಣ, ಹೆಗಲ ಮ್ಯಾಲಿನ ಕೈ ತೆಗಿಯವಲ್ಲಳು ನೋಡ್ರಿ!" ಅವ್ವನ ಮುಖ ಅರಳಿತು. ಎಂಟು ದಿನಕ್ಕೆ ಸಂತೆಯಲ್ಲಿ ಯಾರೋ ಅವರ ಕಿವಿಗೆ ಹಾಕಿದರು. ಸಂಬಂಧ ಮುರಿಯಿತು.

ಅವ್ವ ಒಂದು ದಿನ ಅತ್ತಳು. ಮಾರನೇ ದಿನ ಅಂದಳು: "ಮುಂದಿನ ಸಲಕ್ಕ ಹತ್ತು ಹೆಜ್ಜಿ ಕಲೀರಿ."

ಅಕ್ಕನ ತಲೆಯಲ್ಲಿ ಮಾತ್ರ ಬೇರೆಯದೇ ಓಡುತ್ತಿತ್ತು. ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು. (ಹೈಸ್ಕೂಲಿಗೆ ಅಪ್ಪ ಸೈಕಲ್ ಕ್ಯಾರಿಯರ್ ಮೇಲೆ ಬಿಟ್ಟು ಬರುತ್ತಿದ್ದ.) ಹಾಡು, ಕತೆ ಅಂದರೆ ಓಣಿಯ ಮಕ್ಕಳೆಲ್ಲ ಅವಳ ಸುತ್ತ. ಮುಂದಿನ ಜೂನಿಗೆ ರೈಲ್ವೆ ಗೇಟಿನ ಆಚೆ ಮಹಿಳಾ ಮಂಡಳಿಯವರು ಹೊಸ ಬಾಲವಾಡಿ ತೆರೆಯುವವರಿದ್ದರು. ಮಂಡಳಿಯ ಅಧ್ಯಕ್ಷರು ತಾವೇ ಮನೆಗೆ ಬಂದರು.

"ಕೊಟ್ರಮ್ಮಾ, ನಿನ್ನಂಥಾಕೀನ ಬೇಕು ನಮಗ. ಆದ್ರ ದಿನಾ ಅಷ್ಟು ದೂರ ಹೆಂಗ ಬರ್ತಿ?"

ಅಪ್ಪನಿಗೆ ಎಣ್ಣೆ ಮಿಲ್ಲಿನಲ್ಲಿ ಬೆಳಿಗ್ಗೆ ಆರರ ಪಾಳಿ ಶುರುವಾಗಿತ್ತು. ನನಗೆ ಸ್ಕೂಲು. ನನ್ನ ಹೆಗಲು ಎಂಟು ಹೆಜ್ಜೆಗೆ ಸರಿ, ಒಂದು ಮೈಲಿಗಲ್ಲ.

ಅಧ್ಯಕ್ಷರು ಒಳ್ಳೆಯವರು. "ಜೂನ್ ತನಕ ಕಾಯ್ತೀನಿ. ನಿನ್ನಷ್ಟಕ್ಕ ನೀನು ಬರಂಗಾದ್ರ ಕೆಲಸ ನಿಂದು. ಆಗಲಿಲ್ಲಂದ್ರ ಬ್ಯಾರೆ ಹುಡುಗೀನ್ನ ನೋಡ್ಬೇಕಾಗ್ತೈತಿ, ಬ್ಯಾಸರ ಮಾಡ್ಕೋಬ್ಯಾಡ" ಅಂದು ಹೋದರು.

ಅಕ್ಕ ಅವತ್ತು ಅವ್ವನಿಗೆ ಒಂದೇ ಮಾತು ಹೇಳಿದಳು. "ನನಗ ಈ ಕೆಲಸ ಬೇಕವ್ವಾ." ರೊಟ್ಟಿ ಬಿಟ್ಟು ಬೇರೆ ಏನನ್ನೂ ಬೇಕು ಅಂದವಳಲ್ಲ ಅವಳು.

ಈಗಾದರೆ ಮೊಬೈಲಿನಲ್ಲಿ ಒತ್ತಿದರೆ ಯಾವ ಯೋಜನೆ, ಯಾವ ಆಫೀಸು, ಯಾವ ಕಾಗದ ಎಲ್ಲ ಬರುತ್ತೆ. (ಬಂದದ್ದು ಕೈಗೆ ಸಿಗುತ್ತಾ ಅಂತ ಕೇಳಬೇಡಿ.) ಆಗ ನಮಗಿದ್ದದ್ದು ಖಾಸೀಂ ಕಾಕಾ. ಸ್ಟೇಷನ್ ರೋಡಿನಲ್ಲಿ ಸೈಕಲ್ ಶಾಪು. ಅಪ್ಪನ ಸೈಕಲ್ ಕ್ಯಾರಿಯರಿಗೆ ಅಕ್ಕನ ಸಲುವಾಗಿ ಕಬ್ಬಿಣದ ಬೆನ್ನಾಸರೆ ಬೆಸುಗೆ ಹಾಕಿಸಿಕೊಟ್ಟವನು ಅವನೇ. ಟೈರು ಟ್ಯೂಬು ತರಲು ಊರೂರು ತಿರುಗುತ್ತಿದ್ದ. ಹಾಗಾಗಿ ಅವನ ಅಂಗಡಿಗೆ ಪೇಪರಿಗಿಂತ ಮೊದಲು ಸುದ್ದಿ ಬರುತ್ತಿತ್ತು. ಒಂದು ದಿನ ಅವ್ವನಿಗೆ ಹೇಳಿದ:

"ಯಕ್ಕಾ, ಹಡಗಲ್ಯಾಗ ಅಂಗವಿಕಲರ ಶಿಬಿರ ಐತಂತ. ಡಾಕ್ಟರು ನೋಡಿ ಬರದುಕೊಟ್ರ ಮೂರು ಗಾಲಿ ಸೈಕಲ್ಲು ಕೊಡ್ತಾರ. ಪುಕ್ಕಟೆ. ಕೈಲೆ ತಿರುವಿಕೋತ ಹೋಗೋದು. ನಮ್ಮ ಕೊಟ್ರಿ ಬಾಲವಾಡಿಗಲ್ಲ, ಹೊಸಪೇಟಿಗೂ ಹೊಕ್ಕಾಳ ನೋಡು!"

(ಅಂಗವಿಕಲರು ಅನ್ನುವುದೇ ಆಗಿನ ಪದ. ಅದಕ್ಕಿಂತ ಕೆಟ್ಟ ಪದಗಳನ್ನು ಓಣಿಯಲ್ಲಿ ಕೇಳಿದ್ದ ನಮಗೆ ಅದೇ ಮರ್ಯಾದೆಯದ್ದು ಅನಿಸಿತ್ತು.)

ದೀಪಾವಳಿ ಮುಗಿದ ವಾರ ಹಡಗಲಿಗೆ ಹೊರಟೆವು. ಅವ್ವ, ಅಕ್ಕ, ನಾನು. ಅವ್ವ ಅಕ್ಕನಿಗೆ ಏನು ಉಡಿಸಿದಳು ಹೇಳಿ? ಅರಸೀಕೆರೆಯವರು ಬಂದಾಗ ಉಟ್ಟಿದ್ದ ಅದೇ ರೇಷ್ಮೆ ಲಂಗ. ತಲೆ ತುಂಬ ಕನಕಾಂಬರ. ಬಸ್ಸಿನ ಮೆಟ್ಟಿಲು ಎತ್ತರ. ಮೇಲಿಂದ ನಾನು ಎಳೆದೆ, ಕೆಳಗಿಂದ ಅವ್ವ ನೂಕಿದಳು. ಲಂಗ ಮಾತ್ರ ಒಂದು ಇಂಚು ಮೇಲೇರಲು ಬಿಡಲಿಲ್ಲ!

ಶಿಬಿರ ಒಂದು ಶಾಲೆಯಲ್ಲಿ. ಹೊರಗೆ ಉದ್ದ ಸಾಲು. ಅಷ್ಟೊಂದು ಕೋಲು, ಹೆತ್ತವರು ಹೊತ್ತು ತಂದ ಅಷ್ಟೊಂದು ಮಕ್ಕಳನ್ನು ನಾನು ಒಟ್ಟಿಗೆ ನೋಡಿದ್ದು ಅದೇ ಮೊದಲು. ನಮ್ಮ ಹಿಂದೆ ಕಣ್ಣು ಕಾಣದ ಅಪ್ಪನನ್ನು ಕರೆತಂದಿದ್ದ ಒಬ್ಬಾತ ಅವ್ವನನ್ನು ಗುರುತು ಹಿಡಿದ.

"ನೀನು ಹೊಳಲಿನ ಬಸಣ್ಣನ ಮಗಳಲ್ಲೇನವಾ? ಇಲ್ಯಾಕ ಬಂದೀ?"

ಹೊಳಲು ಅವ್ವನ ತವರು. ಅವ್ವನ ಮುಖ ಸಣ್ಣದಾಯಿತು. "ಏನಿಲ್ಲಣ್ಣಾ, ಸುಮ್ನ... ಹುಡುಗಿ ಕಾಲು ಒಂಚೂರು ಉಳುಕೇತಿ" ಅಂದಳು.

ಹದಿನಾರು ವರ್ಷದ ಉಳುಕು!

ನಮ್ಮ ಸರದಿ ಬಂತು. ಡಾಕ್ಟರು ಟೇಬಲ್ ಹಿಂದೆ ಕೂತಿದ್ದರು. ಬೆಳಿಗ್ಗೆಯಿಂದ ನೋಡಿ ನೋಡಿ ಸುಸ್ತಾಗಿದ್ದರು ಪಾಪ. ಹೊಳಲಿನವನು ಬಾಗಿಲಲ್ಲೇ ನಿಂತು ಬಗ್ಗಿ ನೋಡುತ್ತಿದ್ದ.

"ಏನಮ್ಮಾ, ಎಷ್ಟು ತೊಂದರೆ?"

"ಅಂಥಾದ್ದೇನಿಲ್ರೀ ಸಾಹೇಬ್ರ," ಅಂದಳು ಅವ್ವ, ಬಾಗಿಲಿಗೂ ಕೇಳಿಸುವ ಹಾಗೆ. "ಸ್ವಲ್ಪ ಎಳೀತಾಳ, ಅಷ್ಟ."

"ಕಾಲು ತೋರಿಸಿ."

"ವಯಸ್ಸಿಗೆ ಬಂದ ಹುಡುಗಿ ಅದಾಳ್ರಿ..."

"ಸರಿ. ಅಲ್ಲಿಂದ ಇಲ್ಲಿಗೆ ನಡಿಯಮ್ಮ."

ಅಲ್ಲಿಂದ ಇಲ್ಲಿಗೆ. ನಾನು ಕಣ್ಣಲ್ಲೇ ಅಳೆದೆ. ಎಂಟು ಹೆಜ್ಜೆ.

ಯಾರೂ ನನಗೆ ಹೇಳಲಿಲ್ಲ. ನಾನಾಗಿಯೇ ಹೋಗಿ ಅಕ್ಕನ ಎಡಕ್ಕೆ ನಿಂತೆ. ಅವಳ ಕೈ ತಾನಾಗಿಯೇ ನನ್ನ ಹೆಗಲಿಗೆ ಬಂತು. ನಡೆದೆವು. ಎಷ್ಟು ಚಂದ ನಡೆದೆವು ಗೊತ್ತಾ! ಸೊಂಟ ಏಳಲಿಲ್ಲ, ನಾನು ಬಗ್ಗಲಿಲ್ಲ. ಅವ್ವನ ತುಟಿಗಳು ಸಣ್ಣಗೆ ಎಣಿಸುತ್ತಿದ್ದವು. ಎಂಟಕ್ಕೆ ಟೇಬಲ್ ಮುಟ್ಟಿದೆವು. ಬದುಕಿನಲ್ಲಿ ಅದಕ್ಕಿಂತ ಚೆನ್ನಾಗಿ ನಾವು ಯಾವತ್ತೂ ನಡೆದಿರಲಿಲ್ಲ.

ಡಾಕ್ಟರು ಖುಷಿಯಾಗಿ ಅಂದರು, "ಪರವಾಗಿಲ್ವೇ, ಚೆನ್ನಾಗೇ ನಡೀತಾಳಲ್ಲ." ಚೀಟಿ ಬರೆದರು. ಪಕ್ಕದ ಕೋಣೆಯಲ್ಲಿ ಚೀಟಿ ನೋಡಿ ಒಂದು ಕೋಲು ಕೊಟ್ಟರು.

ಕೋಲು. ಮೂರು ಗಾಲಿ ಸೈಕಲ್ಲಿಗೆ ಹೋದವರು ಕೋಲು ಹಿಡಿದು ಬಂದೆವು. ಬಸ್ಸಿನಲ್ಲಿ ಅಕ್ಕ ಕಿಟಕಿಯ ಕಡೆ ಮುಖ ಮಾಡಿದವಳು ನಮ್ಮೂರು ಬರುವ ತನಕ ಈ ಕಡೆ ತಿರುಗಲಿಲ್ಲ. ನಾನು ಹನ್ನೊಂದು ವರ್ಷದವಳು. ಡಾಕ್ಟರು ಹೊಗಳಿದರಲ್ಲ, ಮತ್ತೆ ಯಾಕೆ ಅಳುತ್ತಾಳೆ ಅಂತ ನನಗೆ ತಿಳಿಯಲೇ ಇಲ್ಲ.

ಮರುದಿನ ಕೋಲು ಊರಿಕೊಂಡು ಬಾಲವಾಡಿ ಆಗುವ ಜಾಗದ ತನಕ ಹೋಗಿ ನೋಡುತ್ತೇನೆ ಅಂತ ಅಕ್ಕ ಹೊರಟಳು. ಖಾಸೀಂ ಕಾಕಾನ ಅಂಗಡಿಗೆ ಮುಟ್ಟುವಷ್ಟರಲ್ಲಿ ಬೆವರಿನಿಂದ ರವಿಕೆ ತೊಯ್ದಿತ್ತು. ಹಿಂದೆ ನಾನು, ನನ್ನ ಹಿಂದೆ ಅವ್ವ.

"ಗಾಡಿ ಎಲ್ಲೈತಿ?" ಅಂದ ಕಾಕಾ.

"ಕೋಲು ಕೊಟ್ರು ಕಾಕಾ."

"ಕೋಲಾ? ಡಾಕ್ಟರ ಮುಂದ ಹೆಂಗ ನಡದಿ? ತೋರ್ಸು."

ತೋರಿಸಿದೆವು. ಅಂಗಡಿಯ ಮುಂದೆ ಎಂಟು ಹೆಜ್ಜೆ, ಇಬ್ಬರೂ.

ಕಾಕಾ ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟ. "ವಾರೆವ್ಹಾ! ನಾನಾಗಿದ್ರ ಕೋಲೂ ಕೊಡ್ತಿದ್ದಿಲ್ಲ."

ಆಮೇಲೆ ಅವ್ವನ ಕಡೆ ತಿರುಗಿದ. "ಯಕ್ಕಾ, ಡಾಕ್ಟರೇನು ಕನ್ಯಾ ನೋಡಾಕ ಬಂದಿದ್ನಾ? ಸೈಕಲ್ ರಿಪೇರಿಗೆ ತಂದಾರು 'ಗಾಡಿ ಚಲೋ ಐತಿ, ಏನೂ ಆಗಿಲ್ಲ' ಅಂದ್ರ ನಾನೇನು ರಿಪೇರಿ ಮಾಡ್ಲಿ?"

ಅವ್ವನಿಗೆ ರೇಗಿತು. ನಡು ರೋಡಿನಲ್ಲೇ. "ನಿನ್ನ ಮಗಳಾಗಿದ್ರ ಹತ್ತು ಮಂದಿ ಮುಂದ ಕುಂಟಸ್ತಿದ್ದೇನು ಖಾಸೀಮಣ್ಣಾ?"

"ಕುಂಟಸ್ತಿದ್ದಿಲ್ಲ," ಅಂದ ಕಾಕಾ. "ನಿನಗ ಹೆಂಗ ಬರ್ತೈತಿ ಹಂಗ ನಡಿಯವಾ ಅಂತಿದ್ದೆ."

ಅವತ್ತಿನಿಂದ ಅವ್ವ ಅವನ ಹತ್ತಿರ ಮಾತು ಬಿಟ್ಟಳು. ಸಂಕ್ರಾಂತಿ ಹೋಯಿತು. ಕೋಲು ಮೂಲೆಗೆ ಬಿತ್ತು. ಅವ್ವ ಅದರಲ್ಲಿ ಬೆಕ್ಕು ಓಡಿಸುತ್ತಿದ್ದಳು. ಸಂಜೆಯ ಪ್ರ್ಯಾಕ್ಟೀಸೂ ನಿಂತಿತ್ತು. ನಿಲ್ಲಿಸು ಅಂತ ಯಾರೂ ಹೇಳಿರಲಿಲ್ಲ. ಅವ್ವ ಅಕ್ಕಿ ಆರಿಸುತ್ತಿದ್ದಳು, ಎಣಿಸುತ್ತಿರಲಿಲ್ಲ.

ಅಕ್ಕ ಮಾತ್ರ ಕ್ಯಾಲೆಂಡರ್ ನೋಡುತ್ತಿದ್ದಳು. ಜೂನ್ ಬರುತ್ತಿತ್ತು.

ಶಿವರಾತ್ರಿ ಕಳೆದ ಮೇಲೆ ಒಂದು ದಿನ ಖಾಸೀಂ ಕಾಕಾ ನಮ್ಮ ಮನೆಯ ಮುಂದೆ ಬಂದು ನಿಂತ. ಅವ್ವ ಒಳಗೆ ಪಾತ್ರೆ ತಿಕ್ಕುತ್ತಿದ್ದಳು. ಮಾತು ಬಿಟ್ಟಿದ್ದಾಳಲ್ಲ! ಆತ ನಮ್ಮ ಗೋಡೆಗೆ ಮುಖ ಮಾಡಿ ಗಟ್ಟಿಯಾಗಿ ಹೇಳಿದ:

"ಯಾರಿಗೆರ ಬೇಕಿದ್ರ, ಗುರುವಾರ ಕೂಡ್ಲಿಗ್ಯಾಗ ಶಿಬಿರ ಐತಿ. ಬಸ್ ಕಂಡಕ್ಟರ್ ಹೇಳ್ಯಾನ."

ಒಳಗಿಂದ ಅವ್ವ ಪಾತ್ರೆಗೆ ಹೇಳಿದಳು: "ಬಸ್ಸು ಎಷ್ಟೊತ್ತಿಗೈತಿ ಅಂತ ಯಾರರ ಕೇಳ್ರಿ."

"ಏಳೂವರಿಗೆ," ಅಂದ ಕಾಕಾ, ಗೋಡೆಗೆ. ಸೈಕಲ್ ಹತ್ತಿ ಹೋದ.

ಗುರುವಾರ ಅವ್ವ ರೇಷ್ಮೆ ಲಂಗ ತೆಗೆಯಲಿಲ್ಲ. ಮನೆಯಲ್ಲಿ ಉಡುವ ಹಳೇ ಸೀರೆ ಕೊಟ್ಟಳು. ಕೂಡ್ಲಿಗಿಯಲ್ಲಿ ಅದೇ ಥರ ಶಾಲೆ, ಅದೇ ಥರ ಸಾಲು, ಬೇರೆ ಡಾಕ್ಟರು. ಬಾಗಿಲಲ್ಲಿ ಒಬ್ಬರಲ್ಲ, ಹತ್ತು ಮಂದಿ ನಿಂತು ಒಳಗೆ ನೋಡುತ್ತಿದ್ದರು.

"ಏನು ತೊಂದರೆ?"

ಅವ್ವ ಬಾಗಿಲ ಕಡೆ ತಿರುಗಿ ನೋಡಿದಳು. ಮತ್ತೆ ಉಳುಕೇತಿ ಅಂದುಬಿಟ್ಟರೆ?

"ನಡಿಯಾಕ ಆಗಂಗಿಲ್ರಿ," ಅಂದಳು ಅವ್ವ. ಅಷ್ಟು ಸಣ್ಣ ದನಿ ಅವಳದ್ದು ನಾನು ಕೇಳಿರಲಿಲ್ಲ. ಆಮೇಲೆ, ತನಗೇ ಕೇಳಿಸಲಿಲ್ಲವೋ ಅನ್ನುವ ಹಾಗೆ, ಇನ್ನೊಮ್ಮೆ ಗಟ್ಟಿಯಾಗಿ: "ನನ್ನ ಮಗಳಿಗೆ ನಡಿಯಾಕ ಆಗಂಗಿಲ್ರಿ ಸಾಹೇಬ್ರ."

"ಅಲ್ಲಿಂದ ನಡೆದು ಬರಲಿ, ನೋಡೋಣ."

ನಾನು ಎಡಕ್ಕೆ ಹೊರಟೆ. ಡ್ಯೂಟಿ!

ಯಾರೋ ನನ್ನ ಮಣಿಕಟ್ಟು ಹಿಡಿದರು. ಅವ್ವ. ಬಳೆ ಚುಚ್ಚುವಷ್ಟು ಬಿಗಿಯಾಗಿ ಹಿಡಿದಿದ್ದಳು. ನನ್ನ ಕಡೆ ನೋಡುತ್ತಿರಲಿಲ್ಲ. ಅಕ್ಕನನ್ನು ನೋಡುತ್ತಿದ್ದಳು.

ಅಕ್ಕ ಒಬ್ಬಳೇ ನಿಂತಿದ್ದಳು. ಒಮ್ಮೆ ನನ್ನ ಹೆಗಲನ್ನು ನೋಡಿದಳು. ಒಮ್ಮೆ ಅವ್ವನ ಕೈಯನ್ನು. ಆಮೇಲೆ ಎಡಗೈ ಇಳಿಸಿ ಮೊಣಕಾಲಿಗೆ ಒತ್ತಿ ಹಿಡಿದಳು, ಸೊಂಟ ಬಗ್ಗಿಸಿದಳು, ಹೊರಟಳು. ಮನೆಯಲ್ಲಿ ರೊಟ್ಟಿಗೆ ಓಡುತ್ತಿದ್ದಳಲ್ಲ, ಆ ನಡಿಗೆ. ಹೊರಗಿನವರ ಎದುರಿಗೆ ಮೊದಲ ಸಲ.

ನಾಲ್ಕು ಹೆಜ್ಜೆಗೆ ಡಾಕ್ಟರು ಕೈ ಎತ್ತಿದರು. "ಸಾಕು ಸಾಕು, ಕೂತ್ಕೊಳಮ್ಮ."

ಅಕ್ಕ ನಿಲ್ಲಲಿಲ್ಲ. ಐದು. ಆರು. ಏಳು. ಎಂಟಕ್ಕೆ ಟೇಬಲ್ ಹಿಡಿದಳು. ಯಾರೂ ಹೇಳದೆ ತಾನೇ ಸೀರೆಯ ಅಂಚು ಎತ್ತಿ ಕಾಲು ತೋರಿಸಿದಳು. ನನ್ನ ತೋಳಿನಷ್ಟೇ ದಪ್ಪ ಇದ್ದ ಕಾಲು.

ಸಾಲಿನಲ್ಲಿ ಅಕ್ಕನನ್ನು ಮಾತಾಡಿಸಿದ್ದ ಒಬ್ಬ ಮುದುಕಿ ಅವ್ವನಿಗೆ ಅಂದಳು, "ಯವ್ವಾ, ಈ ಕಾಲು ಇಟ್ಕೊಂಡು ಮೆಟ್ರಿಕ್ ಓದ್ಯಾಳಂತ? ಗಟ್ಟಿಗಿತ್ತಿ ಹಡದಿ ಬಿಡು."

ಅವ್ವ ನನ್ನ ಕೈ ಬಿಟ್ಟಳು. ಆಮೇಲೆ ನೋಡಿದರೆ ಬಳೆಯ ಗುರುತು ಮೂಡಿತ್ತು.

ಮೇ ತಿಂಗಳ ಕೊನೆಗೆ ಲಾರಿಯಲ್ಲಿ ಮೂರು ಗಾಲಿ ಸೈಕಲ್ ಬಂತು. ನೀಲಿ ಬಣ್ಣ, ಕೈಯಿಂದ ತಿರುವುವ ಪೆಡಲು. ಖಾಸೀಂ ಕಾಕಾ ಚೈನಿಗೆ ಗ್ರೀಸು ಹಚ್ಚಿದ. ಅಪ್ಪ ಎತ್ತರದ ಹೊಸ್ತಿಲ ಮುಂದೆ ಕಲ್ಲು ಮಣ್ಣು ಹಾಕಿ ಇಳಿಜಾರು ಮಾಡಿದ. ಅವ್ವ ಕಾಕಾನಿಗೆ ಚಹಾ ಕೊಟ್ಟಳು. "ತಗೋ" ಅಂತ ಅಷ್ಟೇ ಅಂದಳು. ಆತನೂ ದೊಡ್ಡದು ಮಾಡಲಿಲ್ಲ.

ಬಾಲವಾಡಿ ತೆರೆಯುವ ದಿನ ನಾನೂ ಪಕ್ಕದಲ್ಲಿ ನಡೆದು ಹೋದೆ. ಹೊರಡುವಾಗ ಅವ್ವ ಸುಮ್ಮನಿರಬೇಕಲ್ಲ! ಒಂದು ಕೌದಿ ತಂದು ಅಕ್ಕನ ಮೊಣಕಾಲಿನಿಂದ ಪಾದದವರೆಗೆ ಹೊದಿಸಿದಳು. ಜೂನ್ ಸೆಖೆಯಲ್ಲಿ ಕೌದಿ! ಹಳೇ ಚಾಳಿ ಒಂದೇ ದಿನಕ್ಕೆ ಹೋಗುತ್ತದಾ?

ರೈಲ್ವೆ ಗೇಟು ಹಾಕಿತ್ತು. ಎತ್ತಿನ ಗಾಡಿಗಳು, ಸೈಕಲ್ಲುಗಳು, ತಲೆ ಮೇಲೆ ಬುಟ್ಟಿ ಹೊತ್ತವರು. ಎಲ್ಲರ ಕಣ್ಣೂ ಅಕ್ಕನ ಮೇಲೆ. ನನಗೆ ನಾಚಿಕೆಯಾಗಿ ಮತ್ತೆ ಅವಳ ಎಡಕ್ಕೆ ಸರಿದೆ.

"ಲೇ ಸಣ್ಣೀ, ಸರಿಯಲೇ. ಗಾಳಿ ಬರವಲ್ದು," ಅಂದಳು ಅಕ್ಕ. ಕೌದಿ ಕಿತ್ತಳು. ನಾಲ್ಕು ಮಡಿಕೆ ಮಾಡಿ ಬೆನ್ನಿಗೆ ಇಟ್ಟುಕೊಂಡಳು. ಗೇಟು ತೆರೆಯಿತು.

ಆ ಬಾಲವಾಡಿಯಲ್ಲಿ ಅವಳು ಎಷ್ಟೋ ವರ್ಷ ಕಲಿಸಿದಳು. ಮೂರು ಗಾಲಿ ಸೈಕಲ್ಲುಗಳು ಸವೆದವು. ಸಂಜೆ ಅವ್ವ ಗಾಡಿಯನ್ನು ಒಳಗೆ ಇಡಲು ಬಿಡುತ್ತಿರಲಿಲ್ಲ. ಬೀದಿಗೆ ಕಾಣುವ ಹಾಗೆ ಬಾಗಿಲ ಮುಂದೆಯೇ ನಿಲ್ಲಬೇಕು. "ನಮ್ಮ ಟೀಚರ್ ಗಾಡಿ" ಅಂತ ಬಂದವರಿಗೆಲ್ಲ ತಾನೇ ತೋರಿಸುತ್ತಿದ್ದಳು. ಆ ಹುಮ್ಮಸ್ಸಿನಲ್ಲಿ ಒಮ್ಮೆ ನನ್ನನ್ನು ನೋಡಲು ಬಂದವರಿಗೂ ತೋರಿಸಿದಳು. (ಆ ಸಂಬಂಧ ಕೂಡಿತು. ಇವತ್ತಿಗೂ ನನ್ನ ಗಂಡ ಊರಿಗೆ ಬಂದರೆ ಮೊದಲು ಆ ಗಾಡಿಯ ಟೈರು ಒತ್ತಿ ನೋಡುತ್ತಾನೆ.)

ಸ್ಟುಡಿಯೋಕ್ಕೆ ವಾಪಸು ಬರೋಣ. ನಾನು ಫ್ರೇಮಿನಿಂದ ಆಚೆ ಬಂದೆ. ನಾಚಿಕೆಯಾಗಿ ಅಂದೆ, "ಕಾಲು ಚೆನ್ನಾಗಿ ಕಾಣಲ್ಲ ಅಂತ ಅಲ್ಲಪ್ಪ..."

ಆತ ಕ್ಯಾಮೆರಾದಿಂದ ತಲೆ ಎತ್ತಲೇ ಇಲ್ಲ. "ಟೀಚರ್ ಕಾಲು ನಾವು ಸಣ್ಣಾರಿದ್ದಾಗಿಂದ ನೋಡೀವಿ ಬಿಡ್ರಿ. ಆಕಿ ಕಾಲ ಬುಡಕ್ಕ ಕುಂತು ಅಆಇಈ ಕಲ್ತೀನಿ. ಟೀಚರ್, ಇಲ್ಲಿ ನೋಡ್ರಿ."

ಕ್ಲಿಕ್.

ಮನೆಗೆ ಬಂದು ಗೋಡೆಯ ಮೇಲಿನ ಹಳೇ ಫೋಟೋ ಇಳಿಸಿ ನೋಡಿದೆ. ಅಪ್ಪ, ಅವ್ವ, ಕುರ್ಚಿಯಲ್ಲಿ ಅಕ್ಕ. ಅವಳ ಕಾಲಿಗೆ ಅಡ್ಡವಾಗಿ, ಎರಡು ಜಡೆ ಹಾಕಿಕೊಂಡು, ಹಲ್ಲು ಬಿಟ್ಟುಕೊಂಡು ನಿಂತಿರುವ ಹೂಕುಂಡ ನಾನು.

ನಿಮ್ಮ ಮನೆಯ ಗೋಡೆಯ ಫೋಟೋದಲ್ಲೂ ಒಂದು ಹೂಕುಂಡ ಇದ್ದರೆ, ಅದರ ಹಿಂದೆ ಯಾರ ಕಾಲಿದೆ ಅಂತ ಒಮ್ಮೆ ನೋಡ್ತೀರಾ?